ಬರದಲ್ಲಿಯೂ ಪಾಲು ಬೇಕು

ಘಟ್ಟದ ಗಂಗಾಮೂಲದಲ್ಲಿ ಹುಟ್ಟುವ ತುಂಗೆ ಮತ್ತು ಭದ್ರೆ ಕೂಡಲಿಯಲ್ಲಿ ಒಂದಾಗುತ್ತವೆ, ಹೊಸಪೇಟೆಯ ಬಳಿ ಜಲಾಶಯದಲ್ಲಿ ತಂಗುತ್ತವೆ, ಅಲ್ಲಿಂದ ಎಡದಂಡೆ ಕಾಲುವೆಯ ಮೂಲಕ ಇನ್ನೂರು ಕಿಲೋಮೀಟರಿಗೂ ಮಿಕ್ಕಿ ಸಾಗಿ ಮಾನ್ವಿ ಮತ್ತು ರಾಯಚೂರು ತಾಲ್ಲೂಕುಗಳ ಹೊಲಗಳನ್ನು ಮುಟ್ಟುತ್ತವೆ. ನದಿಯ ತಲೆ ಮಲೆನಾಡಿನಲ್ಲಿದೆ, ಕಾಲುವೆಯ ಬಾಲ ರಾಯಚೂರಿನಲ್ಲಿದೆ. ತಲೆಯ ಕಡೆ ಗುಡ್ಡ ಜಾರಿದರೆ ಬಾಲದ ಕಡೆ ನೀರು ಕಡಿಮೆಯಾಗುತ್ತದೆ. ಕಟ್ಟಿದ ಕಾಲಕ್ಕೆ 133 ಟಿ.ಎಂ.ಸಿ. ಅಡಿ ನೀರು ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯ ಇಂದು ಹಿಡಿಯುವುದು ಸುಮಾರು 105 ಟಿ.ಎಂ.ಸಿ. ಮಾತ್ರ. ಉಳಿದ ಜಾಗದಲ್ಲಿ ಹೂಳು ಕುಳಿತಿದೆ.

ಈ ನಂಟು ಕೇವಲ ನೀರಿನದಲ್ಲ. ಗದ್ದೆಗಳು ಅಡಿಕೆ ತೋಟಗಳಾದ ಮೇಲೆ ಮಲೆನಾಡಿನ ಎಷ್ಟೋ ಮನೆಗಳಿಗೆ ಅಕ್ಕಿಯ ಚೀಲ ಗಂಗಾವತಿ, ಸಿಂಧನೂರು, ಮಾನ್ವಿ ಕಡೆಯ ಗಿರಣಿಗಳಿಂದ ಬರುತ್ತಿದೆ. ಸಾರಿನ ತೊಗರಿಬೇಳೆ, ಒಗ್ಗರಣೆಯ ಒಣಮೆಣಸು, ಶೇಂಗಾ ಎಣ್ಣೆ ಇವೆಲ್ಲ ಬಯಲುಸೀಮೆಯ ಬೆಳೆಗಳೇ. ಉಣ್ಣುವವರಿಗೆ ತಿಳಿದಿರುವುದು ಅಂಗಡಿಯ ಬೆಲೆಯೊಂದೇ. ಬೆಳೆದವರ ಹಂಗಾಮು ಹೇಗೆ ಕಳೆಯಿತು ಎಂಬುದು ಚೀಲದ ಮೇಲೆ ಬರೆದಿರುವುದಿಲ್ಲ. ‘ಸಾವಯವ’ ಎಂಬ ಮುದ್ರೆಯಿರುವ ಚೀಲದ ಮೇಲೂ ಬರೆದಿರುವುದಿಲ್ಲ.

ಕಳೆದ ಎರಡು ದಶಕಗಳಲ್ಲಿ ಸಾವಯವ ಕೃಷಿಯ ಚರ್ಚೆ ಬಹುತೇಕ ಗೊಬ್ಬರ ಮತ್ತು ಕೀಟನಾಶಕಗಳ ಸುತ್ತಲೇ ನಡೆದಿದೆ. 2004ರಲ್ಲಿ ಕರ್ನಾಟಕವು ಸಾವಯವ ಕೃಷಿ ನೀತಿಯನ್ನು ಪ್ರಕಟಿಸಿತು. ಅನಂತರ ಸಾವಯವ ಗ್ರಾಮಗಳು, ಎರೆಹುಳು ತೊಟ್ಟಿಗಳು, ಜೀವಾಮೃತದ ಪ್ರಾತ್ಯಕ್ಷಿಕೆಗಳು ಬಂದವು. ರೈತರಿಗೆ ತಿಳಿವಳಿಕೆ ಕೊಟ್ಟರೆ ಸಾಕು, ಅವರು ವಿಷವನ್ನು ಬಿಡುತ್ತಾರೆ ಎಂಬುದು ಈ ಎಲ್ಲ ಕಾರ್ಯಕ್ರಮಗಳ ಒಳಗಿನ ನಂಬಿಕೆ. ದೇವದುರ್ಗ ಮತ್ತು ಮಾನ್ವಿಯ ಒಂದು ಹಂಗಾಮನ್ನು ಬಿತ್ತನೆಯಿಂದ ರಾಶಿಯವರೆಗೆ ಹಿಂಬಾಲಿಸಿದರೆ ಈ ನಂಬಿಕೆ ಅರ್ಧ ಸತ್ಯವೆಂಬುದು ತಿಳಿಯುತ್ತದೆ. ಅಲ್ಲಿನ ಸಣ್ಣ ರೈತನಿಗೆ ಕೊರತೆಯಿರುವುದು ತಿಳಿವಳಿಕೆಯದ್ದಲ್ಲ. ನಷ್ಟದಲ್ಲಿ ಜತೆಗೆ ನಿಲ್ಲುವವರದ್ದು.

ರಾಯಚೂರು ಜಿಲ್ಲೆ ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆಗಳ ನಡುವಿನ ನಾಡು. ವರ್ಷದ ಮಳೆ ಸರಾಸರಿ 600 ಮಿಲಿಮೀಟರಿನ ಆಸುಪಾಸು. ಆಗುಂಬೆಯಲ್ಲಿ ಸುರಿಯುವುದರ ಹತ್ತನೆಯ ಒಂದು ಭಾಗಕ್ಕೂ ಇದು ಕಡಿಮೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಎರೆಹೊಲ, ಮಸಾರಿ ಹೊಲಗಳೆರಡೂ ಉಂಟು. ಎರೆಹೊಲದ ಗುಣವೇ ಬೇರೆ. ಅದು ನೀರು ಕುಡಿದರೆ ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಒಣಗಿದರೆ ಕೈ ಇಳಿಯುವಷ್ಟು ಬಿರಿಯುತ್ತದೆ, ಬಿರಿಯುವಾಗ ಬೆಳೆಯ ಬೇರುಗಳನ್ನು ಹರಿಯುತ್ತದೆ. ಆದುದರಿಂದಲೇ ಇಲ್ಲಿನ ಹಿರಿಯರು ಒಂದೇ ಬೆಳೆಯನ್ನು ನಂಬಿದವರಲ್ಲ. ಮುಂಗಾರಿನಲ್ಲಿ ಸಜ್ಜೆ ಅಥವಾ ನವಣೆಯ ಸಾಲುಗಳ ನಡುವೆ ತೊಗರಿ, ಹಿಂಗಾರಿನಲ್ಲಿ ಬಿಳಿಜೋಳದ ನಡುವೆ ಕುಸುಬೆ ಅಥವಾ ಕಡಲೆ ಹಾಕುತ್ತಿದ್ದರು. ಹೊಲದ ಅಂಚಿಗೆ ಮುಳ್ಳಿನ ಕುಸುಬೆ ಹಾಕಿದರೆ ದನ ಒಳಗೆ ನುಗ್ಗುವುದಿಲ್ಲ. ಇದೇ ಅಕ್ಕಡಿ ಪದ್ಧತಿ. ನವಣೆ ಮೂರು ತಿಂಗಳಲ್ಲಿ ಕೈಗೆ ಬರುತ್ತದೆ. ಆಳಕ್ಕೆ ಬೇರು ಬಿಡುವ ತೊಗರಿ ಪುಷ್ಯ ಮಾಸದವರೆಗೂ ನಿಲ್ಲುತ್ತದೆ. ಒಂದು ಮಳೆ ತಪ್ಪಿದರೆ ಒಂದು ಬೆಳೆ ಹೋಗಬಹುದು, ಎರಡೂ ಹೋಗುವುದು ಅಪರೂಪ.

ಕಾಲುವೆಗಳು ಬಂದ ಮೇಲೆ ಈ ಲೆಕ್ಕ ಬದಲಾಯಿತು. 1953ರಲ್ಲಿ ತುಂಗಭದ್ರೆಯ ನೀರು ಹರಿಯತೊಡಗಿದಾಗ ಎಡದಂಡೆಯ ಯೋಜನೆ ಭತ್ತಕ್ಕಾಗಿ ಮಾಡಿದುದಾಗಿರಲಿಲ್ಲ. ಬರಪೀಡಿತ ನಾಡಿನ ಹೆಚ್ಚು ಹೊಲಗಳಿಗೆ ಸ್ವಲ್ಪ ಸ್ವಲ್ಪ ನೀರು ಮುಟ್ಟಿಸಿ ಜೋಳ, ಹತ್ತಿ, ಶೇಂಗಾ ಉಳಿಸುವುದು ಮೂಲ ಉದ್ದೇಶವಾಗಿತ್ತು. ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಎಂದು ಗುರುತು ಹಾಕಿದ ಕಾಗದಗಳೂ ಇದ್ದವು. ಕಾಲುವೆಯ ಮೇಲ್ಭಾಗದವರು ಭತ್ತ ಹಾಕಿದರು. ಕರಾವಳಿ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳು ಆ ಬೇಸಾಯವನ್ನು ವಿಸ್ತರಿಸಿದವು. ಕೆಳಭಾಗದ ಮಾನ್ವಿ, ರಾಯಚೂರುಗಳಿಗೆ ಕಾಗದದ ನೀರು ಉಳಿಯಿತು. ದೇವದುರ್ಗಕ್ಕೆ ಕೃಷ್ಣೆಯ ನೀರು ನಾರಾಯಣಪುರ ಬಲದಂಡೆ ಕಾಲುವೆಯಿಂದ ಬಂದಿತು. ಅಲ್ಲಿಯೂ ಜೋಳದ ಎರೆಹೊಲಗಳು ಕೆಸರುಗದ್ದೆಗಳಾದವು. ಮೇಲಿನ ಗದ್ದೆಯ ಬಸಿನೀರು ಕೆಳಗಿನ ಒಣಹೊಲಕ್ಕೆ ಇಳಿದು ಜವುಳಾಗುವುದು, ನೀರು ಆರಿದ ಮೇಲೆ ಬಿಳಿಯ ಸವುಳು ಮೇಲೇಳುವುದು ಇಂದು ಈ ಸೀಮೆಯ ಸಾಮಾನ್ಯ ನೋಟ. ಆ ಬಸಿನೀರಿನಲ್ಲಿ ಗೊಬ್ಬರವಿದೆ, ಔಷಧವಿದೆ. ಕೆಳಗಿನ ಹೊಲದವನು ಸಾವಯವ ವ್ರತ ಹಿಡಿದರೂ ನೀರು ಅದನ್ನು ಕೇಳಿಕೊಂಡು ಬರುವುದಿಲ್ಲ.

ನೀರು ಮುಟ್ಟದ ಹೊಲಗಳನ್ನು ಹತ್ತಿ ಆವರಿಸಿತು. ಬಿ.ಟಿ. ಹತ್ತಿಯ ಪ್ರಯೋಗದ ತಾಕಿಗೆ ಎಂ.ಡಿ. ನಂಜುಂಡಸ್ವಾಮಿಯವರ ನಾಯಕತ್ವದಲ್ಲಿ ರಾಜ್ಯ ರೈತ ಸಂಘದವರು 1998ರ ನವೆಂಬರ್‌ನಲ್ಲಿ ಬೆಂಕಿ ಹಚ್ಚಿದ್ದು ಇದೇ ರಾಯಚೂರು ಜಿಲ್ಲೆಯಲ್ಲಿ. 2002ರಲ್ಲಿ ಕೇಂದ್ರ ಸರ್ಕಾರ ಆ ಹತ್ತಿಗೆ ಅನುಮತಿ ನೀಡಿತು. ಹಸಿರು ಕಾಯಿಕೊರಕ ಕೆಲವು ವರ್ಷ ಹತೋಟಿಗೆ ಬಂದದ್ದು ನಿಜ. ಆದರೆ ಗುಲಾಬಿ ಕಾಯಿಕೊರಕವು ಬಿ.ಟಿ.ಯನ್ನು ಜೀರ್ಣಿಸಿಕೊಂಡಿತು, ರಸ ಹೀರುವ ಕೀಟಗಳಿಗೆ ಅದು ಮೊದಲಿನಿಂದಲೂ ಮದ್ದಾಗಿರಲಿಲ್ಲ. ‘ಎಣ್ಣೆ ಹೊಡೆಯುವುದು’ ಎಂದು ಜನ ಕರೆಯುವ ಕೀಟನಾಶಕ ಸಿಂಪರಣೆ ಮತ್ತೆ ಮೊದಲಾಯಿತು.

ಎಣ್ಣೆಯು ಹೊಲಕ್ಕೆ ಬರುವ ದಾರಿ ಯಾವುದು ಎಂಬುದೇ ಇಲ್ಲಿ ಮುಖ್ಯವಾದ ಪ್ರಶ್ನೆ. ರೋಹಿಣಿ ಮಳೆ ಬೀಳುವ ಹೊತ್ತಿಗೆ, ಎಂದರೆ ಮೇ ಕೊನೆಯ ವಾರಕ್ಕೆ, ಸಣ್ಣ ರೈತನ ಕೈ ಬರಿದಾಗಿರುತ್ತದೆ. ಹಿಂದಿನ ರಾಶಿಯ ಹಣ ಮದುವೆ, ಆಸ್ಪತ್ರೆ, ಹಳೆಯ ಬಡ್ಡಿಗಳಿಗೆ ಹೋಗಿರುತ್ತದೆ. ಸಹಕಾರ ಸಂಘದ ಸಾಲಕ್ಕೆ ಪಹಣಿ ಬೇಕು. ಲೀಸಿಗೆ ಹೊಲ ಮಾಡುವವನ ಹೆಸರು ಪಹಣಿಯಲ್ಲಿ ಇರುವುದಿಲ್ಲ. ಉಳಿದಿರುವುದು ಅಂಗಡಿಯ ಉದ್ರಿ. ಅಂಗಡಿಯವನು ಬೀಜ ಕೊಡುತ್ತಾನೆ, ಬೀಜದ ಜತೆಗೆ ಗೊಬ್ಬರ, ಗೊಬ್ಬರದ ಜತೆಗೆ ಎಣ್ಣೆ. ಅನೇಕ ಕಡೆ ಉದ್ರಿ ಕೊಟ್ಟವನೇ ಫಸಲು ಕೊಳ್ಳುವವನೂ ಹೌದು. ಅವನು ಉದ್ರಿ ಕೊಡುವುದು ತನ್ನ ಅಂಗಡಿಯ ಸರಕಿಗೇ ಹೊರತು ಹಟ್ಟಿಗೊಬ್ಬರಕ್ಕಲ್ಲ, ಬೇವಿನ ಕಷಾಯಕ್ಕಲ್ಲ, ಕಳೆ ತೆಗೆಯುವ ಹೆಣ್ಣಾಳುಗಳ ಕೂಲಿಗಲ್ಲ. ಹೀಗೆ ಸಾಲವೇ ಬೆಳೆಯನ್ನು ನಿರ್ಧರಿಸುತ್ತದೆ, ಸಾಲವೇ ಬೇಸಾಯದ ಕ್ರಮವನ್ನೂ ನಿರ್ಧರಿಸುತ್ತದೆ. ಈ ಸ್ಥಿತಿಯಲ್ಲಿರುವ ರೈತನಿಗೆ ಎರೆಹುಳುವಿನ ಮಹಿಮೆ ಹೇಳುವುದು ಕ್ರೂರ ವಿನೋದ.

ಇನ್ನು ಸಾವಯವ ವ್ಯಾಪಾರ ಏನು ಮಾಡುತ್ತಿದೆ? ಅದು ರಾಶಿಯಾದ ಮೇಲೆ ಬರುತ್ತದೆ. ಕ್ವಿಂಟಲಿಗೆ ಇಷ್ಟು ಹೆಚ್ಚು ಬೆಲೆ ಎನ್ನುತ್ತದೆ. ಕಾಳು ಸಣ್ಣದಾಗಿದ್ದರೆ, ಹುಳು ಕಂಡರೆ, ತೇವ ಹೆಚ್ಚಿದ್ದರೆ ಹಿಂದಿರುಗಿಸುತ್ತದೆ. ಬಂದ ಬೆಳೆಗೆ ಹೆಚ್ಚು ಬೆಲೆ ಕೊಡುವುದು ಒಳ್ಳೆಯದೇ. ಬಾರದ ಬೆಳೆಗೆ ಅದು ಏನನ್ನೂ ಕೊಡುವುದಿಲ್ಲ. ರಾಯಚೂರಿನಂತಹ ಸೀಮೆಯಲ್ಲಿ ರೈತನನ್ನು ಮುಳುಗಿಸುವುದು ಕಡಿಮೆ ಬೆಲೆಯ ವರ್ಷ ಮಾತ್ರವಲ್ಲ, ಬೆಳೆಯೇ ಬಾರದ ವರ್ಷ.

2023ನ್ನು ನೆನೆಯಬಹುದು. ಮುಂಗಾರು ತಡವಾಯಿತು, ಜುಲೈನಲ್ಲಿ ಒಂದಿಷ್ಟು ಸುರಿಯಿತು, ಜನ ಕೂರಿಗೆ ಹೂಡಿದರು. ಆಗಸ್ಟ್ ಪೂರ್ತಿ ಆಕಾಶ ಬರಿದಾಯಿತು. 1901ರಿಂದ ದಾಖಲಾದ ಲೆಕ್ಕದಲ್ಲಿ ದೇಶಕ್ಕೆ ಅಷ್ಟು ಒಣ ಆಗಸ್ಟ್ ಮತ್ತೊಂದಿರಲಿಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತವೆಂದು ಸಾರಿತು. ಅಂತಹ ಹಂಗಾಮಿನಲ್ಲಿ ಎರೆಹೊಲವನ್ನು ಉಳಿಸುವ ಕೆಲಸ ಎಡೆಕುಂಟೆಯದು. ಎಡೆ ಹೊಡೆದರೆ ಬಿರುಕು ಮುಚ್ಚುತ್ತದೆ, ಮೇಲಿನ ಪುಡಿಮಣ್ಣು ಹೊದಿಕೆಯಾಗಿ ಒಳಗಿನ ಹಸಿ ಉಳಿಯುತ್ತದೆ. ಇದಕ್ಕೆ ಎತ್ತು ಬೇಕು, ಆಳು ಬೇಕು. ಫಸಲು ಬರುವುದೋ ಇಲ್ಲವೋ ಎಂದು ತಿಳಿಯದ ಹೊತ್ತಿನಲ್ಲಿ ಕೈಯಿಂದ ಹಣ ಹಾಕಬೇಕು. ಹಣವಿಲ್ಲದವರು ಹೊಲ ಬಿಟ್ಟು ಗುಳೆ ಹೊರಡುತ್ತಾರೆ. ದೇವದುರ್ಗದ ಬಸ್ ನಿಲ್ದಾಣದಿಂದ ಬೆಂಗಳೂರಿಗೆ ಗಂಟುಮೂಟೆ ಸಮೇತ ಹೋಗುವ ಕುಟುಂಬಗಳ ವಿಷಯ ಹೊಸದೇನಲ್ಲ.

ಮರುವರ್ಷ 2024ರಲ್ಲಿ ಮಳೆ ಒಲಿಯಿತು, ಜಲಾಶಯ ತುಂಬಿತು. ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಹರಿಯುವ ನೀರಿನಲ್ಲೇ ತಾತ್ಕಾಲಿಕ ತಡೆ ಇಳಿಸಲು ಒಂದು ವಾರ ಹಿಡಿಯಿತು. ಆ ವಾರ ಕಾಲುವೆಯ ಕೊನೆಯಲ್ಲಿದ್ದವರ ಎದೆಬಡಿತ ಹೇಗಿದ್ದೀತೆಂದು ಊಹಿಸಬಹುದು. ಇದಕ್ಕೂ ಹಿಂದೆ, 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲಲ್ಲಿ ಸುರಿದ ಮಳೆಗೆ ಇದೇ ಜಿಲ್ಲೆ ಪ್ರವಾಹದಲ್ಲಿ ಮುಳುಗಿತ್ತು. ಬರ, ನೆರೆ, ಮುರಿದ ಗೇಟು ಇವುಗಳಲ್ಲಿ ಯಾವುದೂ ರೈತನ ತಪ್ಪಲ್ಲ. ಮೂರರ ಖರ್ಚನ್ನೂ ಮೊದಲು ತೆರುವವನು ಅವನೇ. ಬೆಳೆ ವಿಮೆ ಇದೆ. ಅದು ಹೊಲವನ್ನು ನೋಡುವುದಿಲ್ಲ, ಪಂಚಾಯಿತಿಯ ಅಥವಾ ಹೋಬಳಿಯ ಸರಾಸರಿಯನ್ನು ನೋಡುತ್ತದೆ. ಒಂದೇ ಹೊಲದಲ್ಲಿ ನಾಲ್ಕು ಬೆಳೆ ಬೆರೆಸಿದವನ ಅಕ್ಕಡಿ ಸಾಲುಗಳು ವಿಮೆಯ ಕಾಗದದಲ್ಲಿ ಸಲೀಸಾಗಿ ಕೂರುವುದೂ ಇಲ್ಲ.

ಸಮುದಾಯ ಬೆಂಬಲಿತ ಕೃಷಿ ಎಂಬ ವಿಚಾರ ಹುಟ್ಟಿದ್ದು ಇಂತಹುದೇ ಪ್ರಶ್ನೆಯಿಂದ. ಜಪಾನಿನಲ್ಲಿ ಪಾದರಸದ ವಿಷ, ಹಾಲಿನಲ್ಲಿ ಕೀಟನಾಶಕದ ಅಂಶ ಇವುಗಳಿಂದ ಬೆದರಿದ ಗೃಹಿಣಿಯರು ರೈತರೊಡನೆ ನೇರ ಒಪ್ಪಂದ ಮಾಡಿಕೊಳ್ಳತೊಡಗಿದರು. 1971ರಲ್ಲಿ ಅಲ್ಲಿ ಸಾವಯವ ಕೃಷಿ ಸಂಘ ಹುಟ್ಟಿತು. ಅದು 1978ರಲ್ಲಿ ಈ ಸಹಭಾಗಿತ್ವಕ್ಕೆ ಹತ್ತು ತತ್ತ್ವಗಳನ್ನು ಬರೆಯಿತು. ಅಲ್ಲಿ ಇದಕ್ಕೆ ‘ತೇಕೇ’ ಎನ್ನುತ್ತಾರೆ. 1986ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಮತ್ತು ನ್ಯೂ ಹ್ಯಾಂಪ್‌ಶೈರ್‌ಗಳ ಎರಡು ತೋಟಗಳು ಇದೇ ಬಗೆಯ ಪ್ರಯೋಗ ಮಾಡಿದವು. ಹಂಗಾಮಿನ ಮುಂಚೆಯೇ ಉಣ್ಣುವವರು ಹಣ ಕೊಡುತ್ತಾರೆ. ಬೆಳೆ ಚೆನ್ನಾಗಿ ಬಂದರೆ ಬುಟ್ಟಿ ತುಂಬುತ್ತದೆ, ಬಾರದಿದ್ದರೆ ಬುಟ್ಟಿ ಬರಿದು. ಹಣ ವಾಪಸು ಕೇಳುವಂತಿಲ್ಲ.

ಇದನ್ನು ಹೊರದೇಶದ ಹೊಸ ವಿದ್ಯೆಯೆಂದು ಕನ್ನಡದ ರೈತ ಬೆರಗಾಗಬೇಕಿಲ್ಲ. ‘ಪಾಲು’ ಎಂಬ ಶಬ್ದದಲ್ಲಿಯೇ ಈ ಅರ್ಥವಿದೆ. ಪಾಲಿಗೆ ಹೊಲ ಮಾಡಿದರೆ ಬಂದುದರಲ್ಲಿ ಒಡೆಯನಿಗೂ ಭಾಗ, ಬಾರದುದರಲ್ಲಿ ಅವನಿಗೂ ಭಾಗ. ಲೀಸಿಗೆ ಮಾಡಿದರೆ ಒಡೆಯನ ಹಣ ಮೊದಲೇ ಗಟ್ಟಿ, ನಷ್ಟವೆಲ್ಲ ದುಡಿಯುವವನದು. ಮಾನ್ವಿ, ದೇವದುರ್ಗಗಳಲ್ಲಿ ಪಾಲು ಹಿಂದೆ ಸರಿದು ಲೀಸು ಮುಂದೆ ಬಂದುದೂ ನೀರಾವರಿಯ ಕಥೆಯ ಒಂದು ಅಧ್ಯಾಯವೇ. ಹಳೆಯ ಪಾಲು ಪದ್ಧತಿಯನ್ನು ಹೊಗಳಬೇಕಾಗಿಲ್ಲ. ಅದರಲ್ಲಿ ಜಾತಿಯ ದಬ್ಬಾಳಿಕೆಯಿತ್ತು, ಬಿಟ್ಟಿ ಚಾಕರಿಯಿತ್ತು. ಕಣದಲ್ಲಿ ಆಯ ಪಡೆಯುತ್ತಿದ್ದ ಬಡಿಗ, ಕಮ್ಮಾರರ ಜತೆಗೆ ದಲಿತರಿಗೂ ಆಯವಿತ್ತಾದರೂ ಅದನ್ನು ಸಮಾನರ ಒಪ್ಪಂದವೆಂದು ಯಾರೂ ಹೇಳಲಾರರು. ಉಳಿಸಿಕೊಳ್ಳಬೇಕಾದುದು ಅದರ ಲೆಕ್ಕವನ್ನು ಮಾತ್ರ. ಆ ಲೆಕ್ಕದಲ್ಲಿ ಉಣ್ಣುವವನ ಭಾಗ ಕಣದ ರಾಶಿಯೊಡನೆ ಏರುತ್ತಿತ್ತು, ರಾಶಿಯೊಡನೆ ಇಳಿಯುತ್ತಿತ್ತು.

ಹೊರಗಿನ ಮಾದರಿಯನ್ನು ಇದ್ದಂತೆಯೇ ತಂದರೆ ಅದು ರಾಯಚೂರಿನಲ್ಲಿ ನಿಲ್ಲುವುದಿಲ್ಲ. ವಾರಕ್ಕೊಂದು ತರಕಾರಿ ಬುಟ್ಟಿ ಎಂಬುದು ತಂಪು ನಾಡಿನ, ನೀರಿರುವ ತೋಟದ ಕ್ರಮ. ಬೆಂಗಳೂರಿನ ಸುತ್ತಲಿನ ತೋಟಗಳಿಗೂ ಅದು ಹೊಂದೀತು. ಏಪ್ರಿಲ್‌ನ ರಾಯಚೂರಿನಲ್ಲಿ ಸೊಪ್ಪು ಬೆಳೆಯಬೇಕಾದರೆ ಕೊಳವೆಬಾವಿ ಕೊರೆಯಬೇಕು, ನೆರಳುಪರದೆ ಕಟ್ಟಬೇಕು. ಆಗ ಸಾವಯವದ ಹೆಸರಿನಲ್ಲಿ ಅಂತರ್ಜಲ ಬರಿದಾಗುತ್ತದೆ. ನೀರಿನ ಆಸರೆಯಿದ್ದವರು ಬೇರೆ ದಾರಿಯನ್ನೂ ಹಿಡಿದಿದ್ದಾರೆ. ಹಿಂದೆ ಮಾನ್ವಿ ತಾಲ್ಲೂಕಿನಲ್ಲಿದ್ದು ಈಗ ಸಿರವಾರ ತಾಲ್ಲೂಕಿಗೆ ಸೇರಿರುವ ಕವಿತಾಳದ ಕವಿತಾ ಮಿಶ್ರಾ ಅವರು ಶ್ರೀಗಂಧವನ್ನು ಹಣ್ಣಿನ ಮರಗಳೊಡನೆ ಬೆರೆಸಿ ಬೆಳೆದು ನಾಡಿಗೆಲ್ಲ ಪರಿಚಿತರಾದರು. ಅದು ಮೆಚ್ಚತಕ್ಕ ಸಾಹಸ. ಆದರೆ ಶ್ರೀಗಂಧ ಫಲ ಕೊಡುವವರೆಗೆ ಹತ್ತು ಹದಿನೈದು ವರ್ಷ ಕಾಯುವ ಶಕ್ತಿ ಮಳೆಯಾಶ್ರಿತ ಐದು ಎಕರೆಯವನಿಗಿಲ್ಲ. ಅವನ ಹೊಲ ಕೊಡುವುದು ಕಾಳು ಮತ್ತು ಎಣ್ಣೆ. ಅವು ವರ್ಷಗಟ್ಟಲೆ ಕೆಡದೆ ಇರುತ್ತವೆ. ನೆಲದೊಳಗಿನ ಹಗೇವಿನಲ್ಲಿ ಜೋಳವನ್ನು ವರ್ಷಾನುಗಟ್ಟಲೆ ಕಾಪಿಟ್ಟ ಸೀಮೆಯಿದು. ಆದುದರಿಂದ ಇಲ್ಲಿನ ಪಾಲು ವಾರದ ಬುಟ್ಟಿಯಾಗದೆ ವರ್ಷಕ್ಕೆರಡು ಚೀಲವಾಗಬೇಕು. ದೀಪಾವಳಿಯ ಸುಮಾರಿಗೆ ನವಣೆ, ಸಜ್ಜೆ. ಶಿವರಾತ್ರಿಯಿಂದ ಯುಗಾದಿಯ ನಡುವೆ ತೊಗರಿ, ಕಡಲೆ, ಜೋಳ, ಕುಸುಬೆ.

ಒಂದು ಮನೆಗೆ ಎಷ್ಟು ಹೊಲ ಬೇಕು? ಲೆಕ್ಕ ಹಾಕಿ ನೋಡಬಹುದು. ದಿನವೂ ರೊಟ್ಟಿ ತಿನ್ನುವ ಐದು ಜನರ ಸಂಸಾರಕ್ಕೆ ವರ್ಷಕ್ಕೆ ಸುಮಾರು ಎರಡು ಕ್ವಿಂಟಲ್ ಜೋಳ ಬೇಕು. ಎಕರೆಗೆ ನಾಲ್ಕು ಕ್ವಿಂಟಲ್ ಎಂಬ ಸಾಧಾರಣ ಇಳುವರಿ ಹಿಡಿದರೆ ಅದು 20 ಗುಂಟೆ. ನಲವತ್ತು ಕಿಲೋ ಬೇಳೆಗೆ ಅರವತ್ತು ಕಿಲೋದಷ್ಟು ಇಡಿ ತೊಗರಿ, ಎಕರೆಗೆ ಮೂರು ಕ್ವಿಂಟಲಿನಂತೆ 8 ಗುಂಟೆ. ತಿಂಗಳಿಗೆ ಎರಡು ಕಿಲೋ ಕುಸುಬೆ ಎಣ್ಣೆಗೆ, ಗಾಣದಲ್ಲಿ ಕಾಲುಭಾಗ ಎಣ್ಣೆ ಇಳಿಯುತ್ತದೆಂದು ಎಣಿಸಿದರೆ, ಒಂದು ಕ್ವಿಂಟಲ್ ಕುಸುಬೆ ಬೇಕು, ಅದಕ್ಕೆ 13 ಗುಂಟೆ. ಕಡಲೆ, ನವಣೆಗಳಿಗೆ ಆರೇಳು ಗುಂಟೆ ಸೇರಿಸಿದರೆ ಒಟ್ಟು 47 ಅಥವಾ 48 ಗುಂಟೆ. ಒಂದು ಎಕರೆಗಿಂತ ತುಸು ಹೆಚ್ಚು. ಹತ್ತು ಎಕರೆಯ ಒಂದು ಮಳೆಯಾಶ್ರಿತ ಹೊಲ ರಾಯಚೂರು ನಗರದ ಎಂಟು ಮನೆಗಳನ್ನು ಸಾಕಬಲ್ಲದು. ಮಾನ್ವಿಯಾಗಲಿ ದೇವದುರ್ಗವಾಗಲಿ ನಗರಕ್ಕೆ ಐವತ್ತು ಕಿಲೋಮೀಟರಿನ ಆಚೀಚೆ. ರಾಜೇಂದ್ರ ಗಂಜಿನ ಅಡತಿ ಅಂಗಡಿಗಳ ಮುಂದೆ ನಿಲ್ಲುವ ಗಾಡಿಗಳು ಬರುವುದೂ ಇದೇ ಹಾದಿಗಳಲ್ಲಿ.

ಈ ಎಂಟು ಮನೆಗಳು ಕ್ವಿಂಟಲಿಗೆ ಬೆಲೆ ಕಟ್ಟದೆ ಗುಂಟೆಗೆ ಬೆಲೆ ಕಟ್ಟಬೇಕು. ಸಾವಯವ ವ್ಯಾಪಾರಕ್ಕೂ ಪಾಲುದಾರಿಕೆಗೂ ಇರುವ ವ್ಯತ್ಯಾಸ ಇದೇ. 48 ಗುಂಟೆಯನ್ನು ಒಂದು ವರ್ಷ ಉಳುವ, ಬಿತ್ತುವ, ಎಡೆ ಹೊಡೆಯುವ, ಕಳೆ ತೆಗೆಯುವ, ರಾಶಿ ಮಾಡುವ ಖರ್ಚು ಎಷ್ಟು, ರೈತನ ಮನೆಯ ದುಡಿಮೆಯ ಬೆಲೆ ಎಷ್ಟು ಎಂದು ಕೂಡಿ ಕುಳಿತು ಲೆಕ್ಕ ಮಾಡಿ, ಅದನ್ನು ಕೊಟ್ಟುಬಿಡಬೇಕು. ಅರ್ಧ ಮೇ ತಿಂಗಳಲ್ಲಿ, ಕಾಲುಭಾಗ ಹಿಂಗಾರಿಯ ಉತ್ತರೆ ಮಳೆಗೆ ಮುಂಚೆ, ಉಳಿದದ್ದು ರಾಶಿಯ ಹೊತ್ತಿಗೆ. ಅನಂತರ ಆ ಗುಂಟೆಗಳಲ್ಲಿ ಮೂರು ಕ್ವಿಂಟಲ್ ಜೋಳ ಬಂದರೂ ಅವರದೇ, ಒಂದೇ ಕ್ವಿಂಟಲ್ ಬಂದರೂ ಅವರದೇ.

ಒಂದು ಕ್ವಿಂಟಲ್ ಜೋಳ ಕಡಿಮೆಯಾದರೆ ನಗರದ ಮನೆಗೆ ಆಗುವ ನಷ್ಟವೇನು? ಬರದ ವರ್ಷವಾದ 2023-24ರಲ್ಲಿ ಮಾಲದಂಡಿ ಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 3,225 ರೂಪಾಯಿ ಇತ್ತು. ಒಂದು ಸಂಬಳದ ಮನೆ ವರ್ಷದಲ್ಲಿ ಒಮ್ಮೆ ಅಷ್ಟನ್ನು ತಾಳಿಕೊಳ್ಳುತ್ತದೆ. ಎಂಟು ಮನೆಗಳ ಎಂಟು ಕ್ವಿಂಟಲ್, ಎಂದರೆ 25,800 ರೂಪಾಯಿಯ ನಷ್ಟ ಒಬ್ಬನ ತಲೆಯ ಮೇಲೆ ಬಿದ್ದರೆ, ಮುಂದಿನ ಮೇ ತಿಂಗಳಲ್ಲಿ ಅವನು ಮತ್ತೆ ಎಣ್ಣೆಯಂಗಡಿಯ ಮೆಟ್ಟಿಲಲ್ಲಿ ಕುಳಿತಿರುತ್ತಾನೆ.

ಹಣ ಮೊದಲೇ ಕೈಸೇರಿದರೆ ರೈತ ಉದಾಸೀನನಾಗುವುದಿಲ್ಲವೇ ಎಂದು ನಗರದವರು ಕೇಳುವುದುಂಟು. ನ್ಯಾಯವಾದ ಪ್ರಶ್ನೆಯೇ. ಹೊಲಕ್ಕೆ ಹೋಗಿ ನೋಡುವುದೇ ಅದಕ್ಕೆ ಮದ್ದು. ಈ ಸೀಮೆಯಲ್ಲಿ ಅದಕ್ಕೊಂದು ಹಬ್ಬವೇ ಇದೆ. ಎಳ್ಳಮಾವಾಸ್ಯೆಯ ದಿನ ಸಜ್ಜೆರೊಟ್ಟಿ, ಬದನೆಕಾಯಿ ಭರ್ತ, ಪುಂಡಿಪಲ್ಯ, ಶೇಂಗಾಹೋಳಿಗೆ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ತೆನೆ ಬಿಡುತ್ತಿರುವ ಜೋಳದ ನಡುವೆ ಚರಗ ಚೆಲ್ಲಿ, ಸ್ನೇಹಿತರನ್ನು ಕರೆದು ಉಣ್ಣುತ್ತಾರೆ. ರಾಯಚೂರಿನ ನೌಕರರು, ವ್ಯಾಪಾರಿಗಳು ಅಂದು ಗೆಳೆಯರ ಹೊಲಗಳಿಗೆ ಹೋಗುವುದು ವಾಡಿಕೆ. ಊಟ ಮಾಡಿ ಕೈತೊಳೆದು ಬರುವ ಬದಲು ಅಂದು ಸಾಲುಗಳ ನಡುವೆ ಒಂದು ಸುತ್ತು ನಡೆದು, ತೊಗರಿಯ ಕಾಯಿ ಬಿಡಿಸಿ ಹುಳುವಿದೆಯೇ ಎಂದು ನೋಡಿ, ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಯಾವ ಇನ್ಸ್‌ಪೆಕ್ಟರೂ ಬೇಕಾಗುವುದಿಲ್ಲ. 2011ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಸಹಭಾಗಿತ್ವದ ಖಾತರಿ ವ್ಯವಸ್ಥೆ, ಎಂದರೆ ಪಿ.ಜಿ.ಎಸ್., ರೈತರ ಗುಂಪೇ ಪರಸ್ಪರ ಹೊಲ ಪರಿಶೀಲಿಸುವ ಕ್ರಮ. ಹೊರಗಿನ ಸಂಸ್ಥೆಗೆ ಹಣ ತೆತ್ತು ಎರಡು ಮೂರು ವರ್ಷ ಮುದ್ರೆಗೆ ಕಾಯುವುದಕ್ಕಿಂತ ಸಣ್ಣ ರೈತನಿಗೆ ಇದು ಹತ್ತಿರದ ದಾರಿ. ಆ ಪರಿಶೀಲನೆಯ ದಿನ ಉಣ್ಣುವವರೂ ಜತೆಗಿರಲಿ.

ಹೊಲದಲ್ಲಿ ಕಾಣದೆ ಹೋಗುವ ಮತ್ತೊಂದು ಪಾಲು ಕೂಲಿ ಹೆಂಗಸರದು. ರಾಸಾಯನಿಕ ಬಿಟ್ಟ ಹೊಲದಲ್ಲಿ ಕಳೆಯ ಕೆಲಸ ಹೆಚ್ಚು. ಬಾಗಿದ ಬೆನ್ನು ಹೆಣ್ಣಿನದು. ಸಾವಯವದ ಬೆಲೆಯಲ್ಲಿ ಆ ಬೆನ್ನಿನ ಲೆಕ್ಕ ಇರದಿದ್ದರೆ ಅದು ಶುದ್ಧ ಆಹಾರವಾಗಬಹುದು, ನ್ಯಾಯದ ಆಹಾರವಾಗದು. ಮಾನ್ವಿ ತಾಲ್ಲೂಕಿನ ಪೋತ್ನಾಳದ ಜಾಗೃತ ಮಹಿಳಾ ಸಂಘಟನೆ ಇಲ್ಲಿ ಒಂದು ಮಾರ್ಗ ತೋರಿಸಿದೆ. ದಲಿತ ಕೃಷಿಕೂಲಿ ಮಹಿಳೆಯರ ಈ ಸಂಘಟನೆ ಕೂಲಿ, ಮರ್ಯಾದೆಗಳ ಹೋರಾಟದ ಜತೆಜತೆಗೆ ಬೇವಿನ ಗೊಬ್ಬರ, ಗಿಡಮೂಲಿಕೆ ಔಷಧಿ, ಸುಟ್ಟ ಮಣ್ಣಿನ ಆಭರಣಗಳ ತಯಾರಿಕೆಯನ್ನು ಕೈಗೆತ್ತಿಕೊಂಡಿತು. ಬೇವು ಈ ಬಿಸಿಲು ನಾಡಿನ ಕಲ್ಪವೃಕ್ಷ. ಅದರ ಹಣ್ಣು ಉದುರುವುದು ಬೇಸಿಗೆಯ ಕೊನೆಗೆ, ಹೊಲದಲ್ಲಿ ಕೂಲಿ ಇರದ ದಿನಗಳಲ್ಲಿ. ಶೇ. 5ರ ಬೇವಿನ ಬೀಜದ ಕಷಾಯ ತೊಗರಿ, ಹತ್ತಿಗಳ ಕಾಯಿಕೊರಕಕ್ಕೆ ಕೃಷಿ ವಿಜ್ಞಾನವೂ ಒಪ್ಪಿದ ಮದ್ದು. ಅಂಗಡಿಯ ಎಣ್ಣೆಗೆ ಹೋಗುವ ಹಣ ಹೀಗೆ ಬೀಜ ಆಯ್ದ ಹೆಂಗಸಿನ ಕೈಗೆ ಹೋದರೆ ಹಂಗಾಮಿನ ಲೆಕ್ಕ ಊರೊಳಗೇ ಸುತ್ತುತ್ತದೆ. ಗುಂಟೆಯ ಬೆಲೆ ಕಟ್ಟುವಾಗ ಬೇವಿನ ಹಿಂಡಿಯ ಬೆಲೆ, ಕಳೆ ತೆಗೆಯುವವರ ಕೂಲಿ ಎರಡನ್ನೂ ಮೊದಲ ಸಾಲಿನಲ್ಲಿ ಬರೆಯಬೇಕು.

ಇಷ್ಟಾದರೂ ಒಂದು ಆಕ್ಷೇಪ ಉಳಿಯುತ್ತದೆ. ಮುಂಗಡ ಹಣ ಕೊಡಬಲ್ಲವರು ನಗರದ ಉಳ್ಳವರು. ಜೋಳ ಬೆಳೆದ ಕೂಲಿಯ ಹೆಣ್ಣು ಪಡಿತರದ ಅಕ್ಕಿ ಉಂಡು, ಅವಳು ಕಳೆ ತೆಗೆದ ಸಾವಯವ ಜೋಳ ಬ್ಯಾಂಕ್ ನೌಕರನ ತಟ್ಟೆಗೆ ಹೋದರೆ ಅದೆಂತಹ ಸಮುದಾಯ? ಇದಕ್ಕೆ ಸುಲಭದ ಉತ್ತರವಿಲ್ಲ. ಕೂಲಿಯ ಒಂದು ಭಾಗವನ್ನು ಕಾಳಿನ ರೂಪದಲ್ಲಿ, ಪೇಟೆಯ ಪಾಲುದಾರರಿಗೆ ತೂಗುವ ಮುಂಚೆಯೇ ಕಣದಲ್ಲಿ ಕೊಡುವ ಹಳೆಯ ವಾಡಿಕೆಯನ್ನು ಆಕೆಯ ಇಚ್ಛೆಯಿದ್ದಲ್ಲಿ ಉಳಿಸಿಕೊಳ್ಳಬಹುದು. ಅದಕ್ಕೂ ಹೆಚ್ಚಿನ ಸಾಧ್ಯತೆ ಸಾರ್ವಜನಿಕ ಅಡುಗೆಮನೆಗಳಲ್ಲಿದೆ. ರಾಜ್ಯ ಸರ್ಕಾರ ಬೆಂಬಲ ಬೆಲೆಯಲ್ಲಿ ಜೋಳ, ರಾಗಿ ಕೊಂಡು ಪಡಿತರದಲ್ಲಿ ಹಂಚಿದ ಅನುಭವವಿದೆ. ಅದು ರಾಶಿಯ ನಂತರದ ಖರೀದಿ. ಹಂಗಾಮಿನ ಮುಂಚಿನ ಪಾಲುದಾರಿಕೆಯನ್ನು ಒಂದು ವಿದ್ಯಾರ್ಥಿ ನಿಲಯ ಮಾಡಬಾರದೇಕೆ? ನೂರು ವಿದ್ಯಾರ್ಥಿಗಳ ನಿಲಯದಲ್ಲಿ ತಲೆಗೆ ದಿನಕ್ಕೆ 50 ಗ್ರಾಂ ಬೇಳೆಯಂತೆ 300 ದಿನಕ್ಕೆ 15 ಕ್ವಿಂಟಲ್ ಬೇಳೆ ಬೇಕು. ಇಡಿ ತೊಗರಿಯ ಲೆಕ್ಕದಲ್ಲಿ 21 ಅಥವಾ 22 ಕ್ವಿಂಟಲ್, ಎಂದರೆ ಏಳು ಎಕರೆಯ ಬೆಳೆ. ಇಬ್ಬರು ಸಣ್ಣ ರೈತರ ಹೊಲ. ರಾಯಚೂರಿನಲ್ಲಿ 2009ರಿಂದ ಕೃಷಿ ವಿಶ್ವವಿದ್ಯಾಲಯವಿದೆ; ಅಲ್ಲಿ ಸಾವಿರಾರು ಗಂಟೆ ಪಾಠ ಕೇಳುವ ವಿದ್ಯಾರ್ಥಿಗಳಿಗೆ ತಮ್ಮ ಸಾರಿನ ತೊಗರಿ ಯಾವ ಹೊಲದ್ದು, ಆ ಹೊಲಕ್ಕೆ ಈ ವರ್ಷ ಯಾವ ಮಳೆ ತಪ್ಪಿತು ಎಂದು ತಿಳಿಯುವುದು ಪಠ್ಯಕ್ಕೆ ಹೊರತಾದ ವಿಷಯವೇನಲ್ಲ.

ಮಲೆನಾಡಿನ ವಿದ್ಯಾರ್ಥಿ ನಿಲಯಗಳಿಗೂ ಗ್ರಾಮಗಳಿಗೂ ಇದೇ ಪ್ರಶ್ನೆ ಸಲ್ಲುತ್ತದೆ. ಜೋಳದ ರೊಟ್ಟಿ ತಟ್ಟಲು ಮಲೆನಾಡಿನವರಿಗೆ ಬಾರದು ಎಂಬ ನೆಪವನ್ನು ಒಪ್ಪಿಕೊಳ್ಳೋಣ. ತೊಗರಿ, ಕಡಲೆ, ಶೇಂಗಾ, ಒಣಮೆಣಸುಗಳಿಗೆ ಆ ನೆಪವಿಲ್ಲ. ಒಂದು ಗ್ರಾಮದ ಮೂವತ್ತು ಮನೆಗಳು ಸೇರಿ ಮನೆಗೆ 40 ಕಿಲೋ ಬೇಳೆಯ ಪಾಲು ಹಿಡಿದರೆ 12 ಕ್ವಿಂಟಲ್. ದೇವದುರ್ಗದ ಆರು ಎಕರೆ ಹೊಲದ ಒಂದು ಹಂಗಾಮು ನಿಲ್ಲುತ್ತದೆ. ವರ್ಷಕ್ಕೊಮ್ಮೆ ಒಂದು ಸಣ್ಣ ಲಾರಿ ಸಾಕು. ಅಡಿಕೆಗೆ ಕೊಳೆರೋಗ ಬಂದ ವರ್ಷ ಬೆಳೆಗಾರನಿಗೆ ಹೇಗಾಗುತ್ತದೆ ಎಂಬುದನ್ನು ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ. ಆಗಸ್ಟ್‌ನ ಮಳೆ ಅತಿಯಾಗಿ ಇಲ್ಲಿ ಕಾಯಿ ಉದುರುತ್ತದೆ, ಅದೇ ಆಗಸ್ಟ್‌ನ ಮಳೆ ಬಾರದೆ ಅಲ್ಲಿ ನೆಲ ಬಿರಿಯುತ್ತದೆ.

ಯಾರಾದರೂ ಆರಂಭಿಸುವುದಾದರೆ ಕಾಲದ ಕಡೆ ಗಮನ ಬೇಕು. ಹೊಲ, ಬೆಳೆ, ಗುಂಟೆಯ ಬೆಲೆ, ಬರ ಬಂದರೆ ಏನು, ಅತಿಯಾಗಿ ಬೆಳೆದರೆ ಏನು ಎಂಬುದನ್ನು ಎರಡು ಪುಟದಲ್ಲಿ ಬರೆದು ಇಬ್ಬರೂ ಸಹಿ ಹಾಕುವ ಕೆಲಸ ಯುಗಾದಿಯ ಹೊತ್ತಿಗೆ ಮುಗಿಯಬೇಕು. ಮೊದಲ ಕಂತಿನ ಹಣ ರೋಹಿಣಿ ಮಳೆಗೆ ಮುಂಚೆ ಮುಟ್ಟಬೇಕು. ಮೃಗಶಿರಾ ಹುಟ್ಟಿದ ಮೇಲೆ ಬಂದರೆ ಅಷ್ಟರಲ್ಲಿ ಬೀಜ ಅಂಗಡಿಯಿಂದ ಉದ್ರಿಯಲ್ಲಿ ಬಂದಿರುತ್ತದೆ.